ಎಸ್‌ಟಿಪಿಗೆ ಪ್ರತಿ ತಿಂಗಳೂ ಬ್ಯಾಕ್ಟೀರಿಯಾ ಪುಡಿ ಹಾಕಲೇಬೇಕಾ?

ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಗಬ್ಬು ನಾರುತ್ತಿದೆ, ನಿರ್ವಹಣೆಯವರು ತಿಂಗಳು ತಿಂಗಳು ‘ಲ್ಯಾಬ್‌ನಲ್ಲಿ ಬೆಳೆಸಿದ’ ಕಲ್ಚರ್ ಪುಡಿ ತರಿಸಿ ಅನ್ನುತ್ತಾರೆ, ಬೇಕಾ ಅಂತ ಕೇಳಿದ್ದೀರಿ. ಕೊಳಚೆ ನೀರಿನ ಸೂಕ್ಷ್ಮಜೀವಿಗಳನ್ನು ಲ್ಯಾಬ್‌ನಲ್ಲಿ ನೋಡುವುದೇ ನನ್ನ ಕೆಲಸ. ಓಡುತ್ತಿರುವ ಎಸ್‌ಟಿಪಿಗೆ ಸಾಮಾನ್ಯವಾಗಿ ಬೇಡ. ಬೇಕಾದ ಜೀವಿಗಳು ನಿಮ್ಮ ಕೊಳಚೆಯ ಜೊತೆಗೇ ಬರುತ್ತವೆ. ಅವು ಟ್ಯಾಂಕಿನಲ್ಲಿ ಉಳಿಯಬೇಕು, ಅವಕ್ಕೆ ಗಾಳಿ ಸಿಗಬೇಕು, ಅಷ್ಟೇ.

ಇದನ್ನು 1914ರಲ್ಲೇ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ಸಂಶೋಧಕರು ತೋರಿಸಿಕೊಟ್ಟರು. ಬಾಟಲಿಯಲ್ಲಿ ಕೊಳಚೆ ನೀರು ತುಂಬಿ ಗಾಳಿ ಹಾಯಿಸಿದಾಗ, ಅಮೋನಿಯಾ ಪೂರ್ತಿ ನೈಟ್ರೇಟ್ ಆಗಲು ಮೊದಲ ಸಲ ಸುಮಾರು 5 ವಾರ ಹಿಡಿಯಿತು. ಮೇಲಿನ ತಿಳಿನೀರು ಬಸಿದು, ತಳದ ಕೆಸರನ್ನು ಹಾಗೇ ಬಿಟ್ಟು ಮತ್ತೆ ಮತ್ತೆ ಹೊಸ ಕೊಳಚೆ ತುಂಬುತ್ತ ಹೋದರು. ಕೆಸರು ಹೆಚ್ಚಿದಂತೆ ಅದೇ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. ಇವತ್ತಿನ ಎಸ್‌ಟಿಪಿಗಳಲ್ಲಿ ಈ ಕೆಸರನ್ನು, ಅಂದರೆ ಸ್ಲಡ್ಜನ್ನು, ಪಂಪ್ ಮಾಡಿ ವಾಪಸ್ ಕಳಿಸುವುದು ಇದೇ ಕಾರಣಕ್ಕೆ. ಅವರಿಬ್ಬರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ ಆಮೇಲೆ ಬೆಂಗಳೂರಿಗೇ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ನಮ್ಮೂರಿನ ಎಸ್‌ಟಿಪಿ ಜಗಳಗಳಲ್ಲಿ ಅವರ ಹೆಸರು ಯಾರೂ ಎತ್ತುವುದಿಲ್ಲ ಬಿಡಿ.

ಇನ್ನು ಪುಡಿಯ ವಿಷಯ. ಇಂಥ ಪುಡಿಗಳಲ್ಲಿ ಹೆಚ್ಚಾಗಿ ಇರುವುದು ಬ್ಯಾಸಿಲಸ್. ಅದು ಬೀಜಕವಾಗಿ ಒಣಗಿಯೂ ಬದುಕುತ್ತೆ, ಹಾಗಾಗಿ ಪ್ಯಾಕೆಟ್ಟಿಗೆ ಸಲೀಸು. ಅಮೋನಿಯಾ ತೆಗೆಯುವ ನೈಟ್ರೋಸೋಮೊನಾಸ್, ನೈಟ್ರೋಸ್ಪೈರಾಗಳಿಗೆ ಬೀಜಕ ಕಟ್ಟಲು ಬರುವುದಿಲ್ಲ, ಬೆಳೆಯುವುದೂ ನಿಧಾನ. 1 ಗ್ರಾಂ ಅಮೋನಿಯಾ ನೈಟ್ರೋಜನ್ನಿಗೆ ಸುಮಾರು 4.5 ಗ್ರಾಂ ಆಮ್ಲಜನಕ ಬೇಕು. ಕರೆಂಟ್ ಬಿಲ್ಲಿಗೋ, ಸದ್ದಾಗುತ್ತೆ ಅನ್ನುವ ದೂರಿಗೋ ರಾತ್ರಿ ಗಾಳಿ ಊದುವ ಬ್ಲೋವರ್ ನಿಲ್ಲಿಸಿದರೆ ಮೊದಲು ಸೊರಗುವುದು ಇವೇ.

ನೀವೇ ಒಂದು ಪರೀಕ್ಷೆ ಮಾಡಿ ನೋಡಿ. ಗಾಳಿ ಹಾಯಿಸುವ ಏರೇಷನ್ ಟ್ಯಾಂಕಿನಿಂದ 1 ಲೀಟರ್ ನೀರನ್ನು ಅಳತೆಯ ಸಿಲಿಂಡರಿಗೆ ಸುರಿದು 30 ನಿಮಿಷ ಅಲ್ಲಾಡಿಸದೆ ಬಿಡಿ. ಚೆನ್ನಾಗಿರುವ ಸ್ಲಡ್ಜ್ ಕಂದು ಬಣ್ಣದ್ದು, ಗುಂಪುಗೂಡಿ ಕೆಳಗಿಳಿಯುತ್ತೆ, ಮೇಲೆ ತಿಳಿನೀರು ನಿಲ್ಲುತ್ತೆ. ಕಪ್ಪಗಿದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲುತ್ತಿಲ್ಲ. ಕೆಳಗಿಳಿಯದೆ ಉಬ್ಬಿಕೊಂಡೇ ಇದ್ದರೆ, ಎಳೆಯಾಗಿ ಬೆಳೆಯುವ ಬ್ಯಾಕ್ಟೀರಿಯಾ ಹೆಚ್ಚಾಗಿರಬಹುದು. ಆಗ ಒಂದು ಹನಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಅದರಲ್ಲಿ ವೋರ್ಟಿಸೆಲ್ಲಾ (ತೊಟ್ಟಿರುವ, ಗಂಟೆಯಾಕಾರದ ಏಕಕೋಶ ಜೀವಿ) ಕಂಡರೆ ನನಗೆ ಖುಷಿ: ಸ್ಲೈಡನ್ನು ಸ್ವಲ್ಪ ತಟ್ಟಿದರೆ ತೊಟ್ಟು ಸರಕ್ಕನೆ ಸುರುಳಿ ಸುತ್ತಿಕೊಳ್ಳುತ್ತೆ, ಒಂದೆರಡು ಕ್ಷಣಕ್ಕೆ ಮತ್ತೆ ಬಿಚ್ಚಿಕೊಳ್ಳುತ್ತೆ. ಅದು ಹೇರಳವಾಗಿದ್ದರೆ ಟ್ಯಾಂಕ್ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತೆ.

ಹೊಸ ಎಸ್‌ಟಿಪಿ ಶುರು ಮಾಡುವಾಗ, ಅಥವಾ ಯಾರೋ ಆಸಿಡ್ ಸುರಿದು ಜೀವಿಗಳೆಲ್ಲ ಸತ್ತಾಗ ಹೊರಗಿನಿಂದ ತರಬೇಕಾಗುತ್ತೆ, ನಿಜ. ಆಗಲೂ ಪುಡಿಗಿಂತ, ಚೆನ್ನಾಗಿ ಓಡುತ್ತಿರುವ ಬೇರೆ ಎಸ್‌ಟಿಪಿಯ ತಾಜಾ ಸ್ಲಡ್ಜನ್ನು ಟ್ಯಾಂಕರಿನಲ್ಲಿ ತಂದು ಹೆಪ್ಪು ಹಾಕುವುದೇ ವಾಸಿ.

ಸದ್ಯಕ್ಕೆ ಬೆಳಗಿನ ಜಾವ ಏರೇಷನ್ ಟ್ಯಾಂಕಿನ ಡಿಒ (ನೀರಿನಲ್ಲಿ ಕರಗಿದ ಆಮ್ಲಜನಕ) ಅಳೆಯಲು ಆಪರೇಟರಿಗೆ ಹೇಳಿ. ಲೀಟರಿಗೆ 2 ಮಿಲಿಗ್ರಾಂಗಿಂತ ತೀರಾ ಕಡಿಮೆ ಇದ್ದರೆ ಪುಡಿಯ ದುಡ್ಡಲ್ಲಿ, ಟ್ಯಾಂಕಿನ ತಳದಲ್ಲಿ ಗಾಳಿಗುಳ್ಳೆ ಬಿಡುವ ಡಿಫ್ಯೂಸರ್ ಬದಲಾಯಿಸಿ.