ಹನ್ನೆರಡು ಜನ ಕಡಿಮೆಯೇ?

ಸ್ಥಳೀಯ ಇತಿಹಾಸ ಸಂಘವೊಂದರ ಕಾರ್ಯದರ್ಶಿಯವರು ಬರೆದ ದೀರ್ಘ ಪತ್ರದ ಸಾರ ಇಷ್ಟು: "ತಿಂಗಳಿಗೊಂದು ಉಪನ್ಯಾಸ ಇಡುತ್ತೇವೆ. ಬರುವವರು ಹನ್ನೆರಡು ಜನ, ಅವೂ ಅವವೇ ಮುಖಗಳು. ಹುಡುಗರಂತೂ ಇತ್ತ ಸುಳಿಯುವುದಿಲ್ಲ. ಹಳೇ ಫೋಟೊ ಸಂಗ್ರಹದ ದಿನ, ಬೀದಿ ನಡಿಗೆ, ಹಿರಿಯರ ಮಾತಿನ ರೆಕಾರ್ಡಿಂಗ್ ಇಂಥವನ್ನು ಮಾಡಿ ಎಂದು ನೀವು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದಿರಿ. ಅದೆಲ್ಲ ಗದ್ದಲ, ಇತಿಹಾಸವಲ್ಲ ಎನ್ನುತ್ತಾರೆ ನಮ್ಮ ಹಿರಿಯ ಸದಸ್ಯರು. ವಯಸ್ಸಾದವರ ನೆನಪು ದಾಖಲೆ ಆಗುತ್ತದೆಯೇ? ಸಂಘ ಮುಚ್ಚುವುದೇ ಲೇಸೆಂದು ಕಾಣುತ್ತದೆ."

ಮಾನ್ಯರೇ,

ಕೊನೆಯ ಮಾತಿಗೆ ಮೊದಲು ಉತ್ತರ: ಮುಚ್ಚಬೇಡಿ. 1791ರಲ್ಲಿ ಬಾಸ್ಟನ್ ನಗರದಲ್ಲಿ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿ ಶುರುವಾದಾಗ ಇದ್ದವರು ಹತ್ತು ಜನ. ನಿಮಗಿಂತ ಇಬ್ಬರು ಕಡಿಮೆ. ಅಮೆರಿಕದ ಅತಿ ಹಳೆಯ ಇತಿಹಾಸ ಸಂಘ ಅದು, ಇಂದಿಗೂ ನಡೆಯುತ್ತಿದೆ. ಅದನ್ನು ಕಟ್ಟಿದ ಜೆರೆಮಿ ಬೆಲ್‌ನ್ಯಾಪ್ ಎಂಬ ಪಾದ್ರಿ ಆ ವರ್ಷವೇ ಗೆಳೆಯನಿಗೆ ಬರೆದ ಪತ್ರದಲ್ಲಿ ಒಂದು ಮಾತಿದೆ. ಕಡಲ ಭರತದ ನೀರು ತಾನಾಗಿ ಹರಿದು ಬರಲಿ ಎಂದು ಕಾಯುತ್ತ ಬಿದ್ದಿರುವ ಸಿಂಪಿಗಳ ಹಾಗೆ ನಾವಿರುವುದಿಲ್ಲ, ಹುಡುಕಿಕೊಂಡು ಹೋಗುತ್ತೇವೆ ಎಂಬ ಅರ್ಥದ್ದು. ನಿಮ್ಮ ಪತ್ರ ಓದುವಾಗ ನನಗೆ ಆ ಸಿಂಪಿಗಳು ನೆನಪಾದವು, ಬೇಸರ ಮಾಡಿಕೊಳ್ಳಬೇಡಿ.

ಉಪನ್ಯಾಸದಲ್ಲಿ ಒಬ್ಬರು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಕೇಳಲು ಬಂದವರ ತಲೆಯಲ್ಲಿ, ಅವರ ಮನೆಯ ಟ್ರಂಕಿನಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ. ಆದರೆ ಸ್ಥಳೀಯ ಇತಿಹಾಸದ ಬಹುಪಾಲು ಸಾಮಗ್ರಿ ಇರುವುದೇ ಅಲ್ಲಿ. ಬೇರೆ ವಿಷಯಗಳಲ್ಲಿ ಸಭಿಕರಿಗಿಂತ ಭಾಷಣಕಾರರಿಗೆ ಹೆಚ್ಚು ಗೊತ್ತಿರುತ್ತದೆ. ನಮ್ಮ ಈ ವಿಷಯದಲ್ಲಿ ಅದು ತಿರುವುಮುರುವು. ಹಾಗಾಗಿ ಬಂದವರಿಂದ ಏನು ಪಡೆದುಕೊಂಡಿರಿ ಎಂಬುದನ್ನು ಲೆಕ್ಕ ಇಡಿ, ತುಂಬಿದ ಕುರ್ಚಿಗಳ ಲೆಕ್ಕ ಬಿಡಿ.

ಫೋಟೊ ದಿನ ಎಂದರೆ ಗದ್ದಲ ಎನ್ನುವವರು ಒಂದು ಮೇಜಿನ ಪಕ್ಕ ಅರ್ಧ ಗಂಟೆ ಕೂತು ನೋಡಲಿ. ಒಬ್ಬಾಕೆ ಆಲ್ಬಮ್ ತರುತ್ತಾರೆ. ಮದುವೆಯ ಗುಂಪು ಚಿತ್ರ. ಆಕೆ ತೋರಿಸುವುದು ನಡುವೆ ಕೂತ ವಧೂವರರನ್ನು, ನೀವು ನೋಡಬೇಕಾದದ್ದು ಹಿಂದಿನ ಗೋಡೆಯನ್ನು. ಈಗ ಇಲ್ಲದ ಕಟ್ಟಡ, ಅರ್ಧ ಕಾಣುವ ಅಂಗಡಿ ಬೋರ್ಡು, ಬೀದಿ ದೀಪದ ಕಂಬ. ಅಷ್ಟರಲ್ಲಿ ಪಕ್ಕದಲ್ಲಿ ಸರದಿ ಕಾಯುತ್ತಿದ್ದವರು ಬಗ್ಗಿ ನೋಡಿ, "ಎಡಗಡೆ ಕೊನೆಯವರು ನಮ್ಮ ಮೇಷ್ಟರಲ್ಲವೇ?" ಎನ್ನುತ್ತಾರೆ. ಹೆಸರಿಲ್ಲದ ಒಂದು ಮುಖಕ್ಕೆ ಹೆಸರು ಬಂತು. ಯಾವ ಉಪನ್ಯಾಸವೂ ಕೊಡದ ಫಲ ಇದು.

ಇಲ್ಲಿ ಒಂದು ತಪ್ಪೊಪ್ಪಿಗೆ. ಬಹಳ ವರ್ಷಗಳ ಹಿಂದೆ ಇಂಥದೇ ಒಂದು ದಿನ ನಾನೂ ಸ್ವಯಂಸೇವಕನಾಗಿದ್ದೆ. ಹೆಸರುಗಳು ಮರೆತುಹೋದಾವೆಂಬ ಆತುರದಲ್ಲಿ ಚಿತ್ರಗಳ ಬೆನ್ನಿಗೇ ಬಾಲ್ ಪೆನ್ನಿನಿಂದ ಒತ್ತಿ ಬರೆದು, ಒಂದರ ಮೇಲೊಂದು ಪೇರಿಸಿಟ್ಟೆ. ಸಂಜೆ ತೆಗೆದು ನೋಡಿದರೆ ಮೇಲಿನ ಚಿತ್ರದ ಶಾಯಿ ಕೆಳಗಿನ ಚಿತ್ರದ ಮುಖಕ್ಕೆ ಅಂಟಿತ್ತು. ಇನ್ನೊಂದು ಚಿತ್ರದಲ್ಲಿ ನನ್ನ ಅಕ್ಷರಗಳು ಮುಂಭಾಗದಲ್ಲಿ ಉಬ್ಬಿ, ಮಗುವೊಂದರ ಹಣೆಯ ಮೇಲೆ ಗೆರೆ ಮೂಡಿಸಿದ್ದವು. ಅದನ್ನು ತಂದವರು ಏನೂ ಬೈಯಲಿಲ್ಲ, ಸುಮ್ಮನೆ ಆಲ್ಬಮ್ ಮುಚ್ಚಿಕೊಂಡು ಹೋದರು. ಬೈದಿದ್ದರೆ ಹಗುರಾಗುತ್ತಿತ್ತು. ಆದ್ದರಿಂದ ಚಿತ್ರದ ಬೆನ್ನಿಗೆ ಬರೆಯಲೇಬೇಕಾದರೆ ಮೆತ್ತನೆ ಪೆನ್ಸಿಲ್ಲಿನಿಂದ, ಅಂಚಿನಲ್ಲಿ, ಒತ್ತದೆ ಬರೆಯಿರಿ. ಅದಕ್ಕಿಂತ ವಾಸಿಯೆಂದರೆ ಬೇರೆ ಹಾಳೆಯಲ್ಲಿ ಸಂಖ್ಯೆ ಹಾಕಿ ಬರೆದುಕೊಳ್ಳುವುದು. ಅಂಟು ಹಾಳೆಯ ಆಲ್ಬಮ್ಮಿನಿಂದ ಚಿತ್ರ ಎಬ್ಬಿಸಲು ಹೋಗಬೇಡಿ, ಹಾಳೆ ಸಮೇತ ಸ್ಕ್ಯಾನ್ ಮಾಡಿ. ಹರಿದದ್ದಕ್ಕೆ ಸೆಲ್ಲೊಟೇಪ್ ಬೇಡವೇ ಬೇಡ. ಆರಿಂಚು ನಾಲ್ಕಿಂಚಿನ ಪ್ರತಿಯನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿದರೆ 3600ಕ್ಕೆ 2400 ಪಿಕ್ಸೆಲ್ ಸಿಗುತ್ತದೆ, ಗೋಡೆ ಮೇಲಿನ ಬೋರ್ಡು ಹಿಗ್ಗಿಸಿ ಓದಲು ಸಾಮಾನ್ಯವಾಗಿ ಸಾಕು. ಮುಖ್ಯವಾಗಿ, ಮೂಲ ಪ್ರತಿ ಅವತ್ತೇ, ಅವರ ಕಣ್ಣೆದುರೇ, ಅವರ ಕೈಗೆ ವಾಪಸ್ಸು. "ಇಟ್ಟುಹೋಗಿ, ಆಮೇಲೆ ಕೊಡುತ್ತೇವೆ" ಎಂದಿರೋ, ಮುಂದಿನ ಸಲ ಯಾರೂ ಬರುವುದಿಲ್ಲ. ಚಿತ್ರವನ್ನು ಎಲ್ಲೆಲ್ಲಿ ಬಳಸಬಹುದು ಎಂಬುದಕ್ಕೆ ಒಂದು ಪುಟದ ಒಪ್ಪಿಗೆ ಪತ್ರ ಇರಲಿ. "ಪ್ರದರ್ಶನಕ್ಕೆ ಸರಿ, ಅಂತರ್ಜಾಲಕ್ಕೆ ಬೇಡ" ಎನ್ನುವವರಿಗೂ ಅದರಲ್ಲಿ ಜಾಗವಿರಲಿ.

ನಡಿಗೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಗರಗಳ ಬಗ್ಗೆ ಬರೆದ ಜೇನ್ ಜೇಕಬ್ಸ್ 2006ರಲ್ಲಿ ತೀರಿಕೊಂಡ ಮೇಲೆ, ಅವರ ಗೆಳೆಯರು ಮರುವರ್ಷ ಟೊರಾಂಟೊದಲ್ಲಿ ಅವರ ಹೆಸರಿನ ನಡಿಗೆಗಳನ್ನು ಶುರುಮಾಡಿದರು. ಈಗ ಎಷ್ಟೋ ದೇಶಗಳಲ್ಲಿ ನಡೆಯುತ್ತವೆ. ಶುಲ್ಕವಿಲ್ಲ, ನಡೆಸಲು ಪರಿಣತರೇ ಬೇಕೆಂದಿಲ್ಲ, ಆ ಬೀದಿಯಲ್ಲಿ ಬದುಕಿದವರು ಸಾಕು. ನನ್ನದೊಂದೇ ತಕರಾರು: ದಾರಿ ಉದ್ದವಾಗಬಾರದು. ಎಲ್ಲವನ್ನೂ ತೋರಿಸುವ ಹುಮ್ಮಸ್ಸಿನಲ್ಲಿ ಮೊಣಕಾಲು ನೋವಿನವರನ್ನು ಮರೆಯುತ್ತೇವೆ, ಹೆಚ್ಚು ಗೊತ್ತಿರುವವರು ಅವರೇ.

ಇನ್ನು ನೆನಪಿನ ಪ್ರಶ್ನೆ. ನಿಮ್ಮ ಹಿರಿಯ ಸದಸ್ಯರ ಅನುಮಾನ ನ್ಯಾಯವಾದದ್ದೇ. ನೆನಪು ತಪ್ಪುತ್ತದೆ, ತಾರೀಖಂತೂ ತಪ್ಪೇ ತಪ್ಪುತ್ತದೆ. ಆದರೆ ಇಟಲಿಯ ಟೆರ್ನಿ ಎಂಬ ಉಕ್ಕಿನ ಕಾರ್ಖಾನೆಯ ಊರಿನ ಸಂಗತಿ ಕೇಳಿ. 1949ರ ಮಾರ್ಚಿನಲ್ಲಿ, ನೇಟೊ ಸೇನಾ ಕೂಟಕ್ಕೆ ಇಟಲಿಯ ಸೇರ್ಪಡೆ ವಿರೋಧಿಸಿ ಹೊರಟ ಮೆರವಣಿಗೆಯಲ್ಲಿ ಲುಯಿಜಿ ತ್ರಸ್ತುಲ್ಲಿ ಎಂಬ ಇಪ್ಪತ್ತೊಂದರ ಕಾರ್ಮಿಕ ಪೊಲೀಸರೊಡನೆ ನಡೆದ ಘರ್ಷಣೆಯಲ್ಲಿ ಸತ್ತ. ದಶಕಗಳ ನಂತರ ಅಲೆಸ್ಸಾಂದ್ರೊ ಪೋರ್ತೆಲ್ಲಿ ಎಂಬ ವಿದ್ವಾಂಸರು ಊರವರನ್ನು ಮಾತಾಡಿಸಿದರೆ, ಹಲವರು ಅವನು ಸತ್ತದ್ದು 1953ರಲ್ಲಿ, ಕೆಲಸದಿಂದ ತೆಗೆದುಹಾಕಿದ್ದರ ವಿರುದ್ಧದ ಬೀದಿ ಹೋರಾಟದಲ್ಲಿ ಎಂದೇ ಹೇಳಿದರು. ಪೋರ್ತೆಲ್ಲಿ ಆ ಮಾತುಗಳನ್ನು ಸುಳ್ಳೆಂದು ಬದಿಗಿಡಲಿಲ್ಲ. ಸಾವನ್ನು ನಾಲ್ಕು ವರ್ಷ ಮುಂದಕ್ಕೆ ಸರಿಸಿದ್ದೇಕೆ ಎಂದು ಕೇಳಿದರು. ತಮ್ಮ ಹುಡುಗ ಒಂದು ದೊಡ್ಡ ಹೋರಾಟದಲ್ಲಿ ಸತ್ತ ಎಂದುಕೊಂಡರೆ ಮಾತ್ರ ಆ ಸಾವಿಗೆ ಅರ್ಥ ಸಿಗುತ್ತಿತ್ತು. ಯಾವಾಗ ಸತ್ತ ಎಂಬುದು ಕಡತದಲ್ಲಿದೆ, ಆ ಸಾವು ಊರಿಗೆ ಏನಾಗಿತ್ತು ಎಂಬುದು ತಪ್ಪು ನೆನಪಿನಲ್ಲಿದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳುವುದು ಸಂಘದ ಕೆಲಸ. ರೆಕಾರ್ಡಿಂಗ್ ಶುರುವಾಗುವಾಗಲೇ ಯಾರು, ಎಲ್ಲಿ, ಯಾವ ದಿನ ಎಂದು ಬಾಯಿಬಿಟ್ಟು ಹೇಳಿ. "ಆಗ ಎಲ್ಲ ಚೆನ್ನಾಗಿತ್ತು, ಅಲ್ಲವೇ?" ಎಂಬಂಥ ಪ್ರಶ್ನೆ ಬೇಡ, ಉತ್ತರ ಅದರಲ್ಲೇ ಇದೆ. ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ.

ಹುಡುಗರ ವಿಷಯ: ಅವರಿಗೆ ಕುರ್ಚಿ ಹಾಕಿ ಕರೆದರೆ ಬರುವುದಿಲ್ಲ, ಸ್ಕ್ಯಾನರ್ ಕೈಗೆ ಕೊಟ್ಟರೆ ಬಂದಾರು. ಉಪನ್ಯಾಸ ನಿಲ್ಲಿಸಿ ಎಂದು ನಾನು ಬರೆದೇ ಇಲ್ಲ. ವರ್ಷಕ್ಕೆ ಹನ್ನೆರಡರ ಬದಲು ನಾಲ್ಕಾಗಲಿ, ಅದರಲ್ಲಿ ಒಂದಾದರೂ ನೀವೇ ಸಂಗ್ರಹಿಸಿದ ಚಿತ್ರಗಳನ್ನು, ಮಾತುಗಳನ್ನು ಕುರಿತಾಗಿರಲಿ. ಮುಂದಿನ ತಿಂಗಳ ಭಾಷಣಕಾರರನ್ನು ಈಗಾಗಲೇ ಗೊತ್ತುಮಾಡಿದ್ದರೆ ಅವರ ಮಾತನ್ನು ಅರ್ಧ ಗಂಟೆಗೆ ಮೊಟಕುಗೊಳಿಸಲು ಕೇಳಿಕೊಳ್ಳಿ. ಉಳಿದ ಅರ್ಧ ಗಂಟೆಗೆ ನಿಮ್ಮ ಆ ಹನ್ನೆರಡು ಮಂದಿಯೂ ಮನೆಯಿಂದ ಒಂದೊಂದು ಚಿತ್ರ ತರಲಿ. ಗದ್ದಲ ಎಂದ ಹಿರಿಯರ ಚಿತ್ರವನ್ನೇ ಮೊದಲು ಮೇಜಿನ ಮೇಲಿಡಿ.

— ಸಂ.