ನೌಕರರಿಗೆ ಯಾವುದು ಮುಖ್ಯವೋ ಅದನ್ನೇ ಹಿಡಿದು ಒಳ್ಳೆಯ ಅಭ್ಯಾಸ ಮಾಡಿಸಬಹುದಾ?

ಪೋಸ್ಟರ್ ಅಂಟಿಸಿದ್ದಾಯ್ತು, ನಡಿಗೆ ಸ್ಪರ್ಧೆ ಇಟ್ಟಿದ್ದಾಯ್ತು, ಯಾರೂ ಬದಲಾಗಲಿಲ್ಲ, ಈಗ ಅವರವರ ಮೌಲ್ಯಗಳ ಮೂಲಕ ಹೇಳಿದರೆ ಕೇಳುತ್ತಾರಾ ಅಂತ ಕೇಳಿದ್ದೀರಿ.

ಕೇಳುತ್ತಾರೆ. ಆದರೆ ಯಾವುದು ಮುಖ್ಯ ಅನ್ನೋದು ಅವರ ಬಾಯಿಂದಲೇ ಬರಬೇಕು.

ನಾನು ಪೀಣ್ಯದ ಒಂದು ಮಷೀನ್ ಶಾಪಿನಲ್ಲಿ ಎಚ್‌ಆರ್ ನೋಡಿಕೊಳ್ಳುತ್ತೇನೆ. ನಮ್ಮ ದೊಡ್ಡ ತಲೆನೋವು ತಂಬಾಕು. ರಾಜ್ಯದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಏನಾಯ್ತು? ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು. ಎರಡನ್ನೂ ಬೆರೆಸಿ ಬಾಯಿಗೆ! ತಂಬಾಕು ಪ್ಯಾಕೆಟ್ಟಿನ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆಯೇ ಇದೆ, ಅದನ್ನು ನೋಡುವವರು ಯಾರು?

ನಮ್ಮ ಲೇತ್ ಆಪರೇಟರ್ ಒಬ್ಬರು ಪ್ರತಿ ವರ್ಷ ಶಬರಿಮಲೆಗೆ ಮಾಲೆ ಹಾಕುತ್ತಾರೆ. 41 ದಿನದ ವ್ರತ. ಅಷ್ಟೂ ದಿನ ತಂಬಾಕು ಮುಟ್ಟಲ್ಲ. ಮಾಲೆ ತೆಗೆದ ಮೇಲೆ ಮತ್ತೆ ಶುರು. ನಾನು ಬುದ್ಧಿ ಹೇಳಲು ಹೋಗಲಿಲ್ಲ. "ಅಣ್ಣಾ, ಆಗ ಹೇಗೆ ತಡ್ಕೋತೀರಿ?" ಅಂತಷ್ಟೇ ಕೇಳಿದೆ. "ಎಲ್ರೂ ಸ್ವಾಮಿ ಸ್ವಾಮಿ ಅಂತ ಕರೀತಾರಲ್ಲ ಮೇಡಂ, ಹಾಕ್ಕೊಳ್ಳೋಕೆ ಮನಸ್ಸೇ ಬರಲ್ಲ" ಅಂದರು. ಹಾಗೇ ಮಾತಾಡ್ತಾ, ಊಟ ಆದ ಮೇಲೆ ಗೇಟಿನ ಹತ್ತಿರದ ಅಂಗಡಿಗೆ ಎಲ್ಲರ ಜೊತೆ ಹೋಗುವುದೇ ಕಷ್ಟ ಅಂತ ಅವರೇ ಹೇಳಿದರು. ಈಗ ಆ ಹೊತ್ತಿಗೆ ಜೇಬಿನಲ್ಲಿ ಲವಂಗ ಇರುತ್ತದೆ. ತಂಬಾಕು ಬಿಡುವವರಿಗೆ ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-11-2356. ಅಲ್ಲಿಗೂ ಫೋನ್ ಮಾಡಿದರು. ಪೂರ್ತಿ ಬಿಟ್ಟಿಲ್ಲ, ನೈಟ್ ಶಿಫ್ಟಿನಲ್ಲಿ ಒಮ್ಮೊಮ್ಮೆ ಜಾರುತ್ತಾರೆ. ಆದರೂ ಮೊದಲಿಗಿಂತ ಎಷ್ಟೋ ವಾಸಿ.

ಇದು ಸುಮ್ನೆ ನನ್ನ ಅನುಭವ ಮಾತ್ರ ಅಲ್ಲ. ಅಮೆರಿಕದಲ್ಲಿ ಎಮಿಲಿ ಫಾಕ್ ಎಂಬ ಸಂಶೋಧಕಿ ಮತ್ತು ಸಂಗಡಿಗರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜಾಸ್ತಿ ಕೂತೇ ಇರುವವರಿಗೆ ಮೊದಲು ತಮಗೆ ಮುಖ್ಯವಾದದ್ದನ್ನು ನೆನೆಯಲು ಹೇಳಿ, ಆಮೇಲೆ "ಎದ್ದು ಓಡಾಡಿ" ಎಂಬ ಸಲಹೆ ಕೊಟ್ಟರು. ಹಾಗೆ ನೆನೆದವರು ಮುಂದಿನ ಒಂದು ತಿಂಗಳು ಉಳಿದವರಿಗಿಂತ ಕಡಿಮೆ ಕೂತರು. ಬರೀ ಸಲಹೆ ಕೊಟ್ಟರೆ ಬೈದ ಹಾಗೆ ಅನಿಸುತ್ತೆ, ಅಲ್ವಾ?

ಒಂದು ಎಚ್ಚರ. ದೇವರು, ಮಕ್ಕಳು ಅಂತ ನೀವಾಗಿ ಎತ್ತಬೇಡಿ. "ಮಕ್ಕಳ ಮುಖ ನೋಡಿಯಾದ್ರೂ ಬಿಡಿ" ಅಂತ ಮ್ಯಾನೇಜರ್ ಹೇಳಿದರೆ ಅದು ಬ್ಲ್ಯಾಕ್‌ಮೇಲ್. ಅವರು ಹೇಳಿಕೊಂಡದ್ದು ಅಪ್ರೈಸಲ್ ಫೈಲಿಗೂ ಹೋಗಬಾರದು.

ಕೆಲವು ಕಡೆ ಈ ದಾರಿಯೇ ಬೇಡ. ನಮ್ಮ ಪ್ಯಾಕಿಂಗ್ ಸೆಕ್ಷನ್ನಿನ ಹೆಂಗಸರು ನೀರೇ ಕುಡಿಯುತ್ತಿರಲಿಲ್ಲ. ಟಾಯ್ಲೆಟ್‌ಗೆ ಹೋಗಲು ಸೂಪರ್‌ವೈಸರ್ ಹತ್ತಿರ ಟೋಕನ್ ಕೇಳಬೇಕಿತ್ತು. ಟೋಕನ್ ತೆಗೆಸಿದೆವು, ನೀರು ಕುಡಿಯತೊಡಗಿದರು.