ಹಳೆಯ ಕಂಪ್ಯೂಟರಿಗೆ ಎಸ್‌ಎಸ್‌ಡಿ: ಹಾಕಿಸಬಹುದೇ, ಎಷ್ಟು ಕಾಲ ಬಾಳುತ್ತದೆ?

ಪ್ರಶ್ನೆ: ನಮ್ಮ ಮನೆಯಲ್ಲಿ 2015ರಲ್ಲಿ ಕೊಂಡ ಡೆಸ್ಕ್‌ಟಾಪ್ ಇದೆ. ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿದರೆ ಕೆಲಸಕ್ಕೆ ಸಿದ್ಧವಾಗಲು ಐದಾರು ನಿಮಿಷ ಬೇಕು. ಎಸ್‌ಎಸ್‌ಡಿ ಹಾಕಿಸಿದರೆ ಸರಿಹೋಗುತ್ತದೆ ಎಂದು ಕೆಲವರು, ಅದು ಬೇಗ ಸವೆದುಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಸಾಗರ

ಉತ್ತರ: ಧೈರ್ಯವಾಗಿ ಹಾಕಿಸಿ. ಎಸ್‌ಎಸ್‌ಡಿ ಎಂದರೆ ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲಿ ಮಾಹಿತಿ ಇಡುವ ಡ್ರೈವ್. ವಿಂಡೋಸ್ ಆರಂಭವಾಗುವಾಗ ಸಾವಿರಾರು ಸಣ್ಣ ಫೈಲುಗಳನ್ನು ಅಲ್ಲಲ್ಲಿಂದ ಹೆಕ್ಕಿ ಓದಬೇಕಾಗುತ್ತದೆ. ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆಯ ಮೇಲೆ ಓದುವ ಹೆಡ್ ಪ್ರತಿ ಸಲವೂ ಜಾಗ ಬದಲಿಸಿ ನಿಲ್ಲಲು ಹತ್ತು ಮಿಲಿಸೆಕೆಂಡಿನಷ್ಟು ಹಿಡಿದರೆ, ಚಲಿಸುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಅದರ ನೂರನೇ ಒಂದು ಪಾಲೂ ಬೇಡ. ನಿಮ್ಮ ಮದರ್‌ಬೋರ್ಡಿಗೆ 2.5 ಇಂಚಿನ ಸಾಟಾ (ಹಳೆಯ ಹಾರ್ಡ್ ಡಿಸ್ಕಿನ ಬಗೆಯ ಕೇಬಲಿನಲ್ಲೇ ಜೋಡಿಸುವ) ಎಸ್‌ಎಸ್‌ಡಿ ಸಾಕು, ಇನ್ನೂ ವೇಗದ ಬಗೆಯಾದ ದುಬಾರಿ ಎನ್‌ವಿಎಂಇ ಬೇಡ. ಜೊತೆಗೆ ಇನ್ನೊಂದು 4 ಜಿಬಿ ಡಿಡಿಆರ್3 ರ‍್ಯಾಮ್ ಹಾಕಿಸಿದರೆ ಡಿಸ್ಕಿನ ಮೇಲಿನ ಹೊರೆಯೂ ಇಳಿಯುತ್ತದೆ.

ಹಳೆಯ ಡಿಸ್ಕನ್ನು ಕ್ಲೋನ್ ಮಾಡುವುದಕ್ಕಿಂತ, ಅಂದರೆ ಇದ್ದ ಹಾಗೆಯೇ ನಕಲಿಸುವುದಕ್ಕಿಂತ, ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ನನ್ನ ಸಲಹೆ, ಏಕೆಂದರೆ ಇಷ್ಟು ವರ್ಷಗಳ ಕಸವೆಲ್ಲ ಹೊಸ ಡ್ರೈವಿಗೂ ಬರುವುದು ಬೇಡ. ಮೊದಲು ಫೋಟೋ, ದಾಖಲೆಗಳನ್ನು ಬೇರೆಡೆ ನಕಲು ಮಾಡಿಕೊಳ್ಳಿ. ಇನ್‌ಸ್ಟಾಲ್ ಮಾಡುವಾಗ ಹಳೆಯ ಡಿಸ್ಕಿನ ಸಾಟಾ ಕೇಬಲನ್ನು ಕಡ್ಡಾಯವಾಗಿ ಕಳಚಿಡಿ. ಇಲ್ಲವಾದರೆ ಕಂಪ್ಯೂಟರ್ ಆರಂಭವಾಗಲು ಬೇಕಾದ ಬೂಟ್ ಫೈಲುಗಳು ಅದರಲ್ಲೇ ಉಳಿದು, ಮುಂದೊಂದು ದಿನ ಆ ಡಿಸ್ಕ್ ತೆಗೆದಾಗ ಕಂಪ್ಯೂಟರ್ ಏಳುವುದೇ ಇಲ್ಲ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ನಿಮ್ಮ ಪ್ರೊಸೆಸರನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಬ್ರೌಸಿಂಗ್, ಪತ್ರವ್ಯವಹಾರ, ಮಕ್ಕಳ ಓದು ಇಷ್ಟೇ ನಿಮ್ಮ ಬಳಕೆಯಾದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳಿ. ಅದು ಉಚಿತ, ಅದರಲ್ಲಿ ಕನ್ನಡ ಟೈಪಿಂಗಿಗೂ ಅಡ್ಡಿಯಿಲ್ಲ.

ಇನ್ನು ಸವೆತದ ಭಯ. ಎಸ್‌ಎಸ್‌ಡಿಯ ಮಾಹಿತಿ ಹಿಡಿದಿಡುವ ಕೋಶಗಳು ಇಂತಿಷ್ಟು ಸಲ ಮಾತ್ರ ಬರೆಸಿಕೊಳ್ಳುತ್ತವೆ ಎಂಬುದು ನಿಜ. ಆದರೆ ಹೆಸರುವಾಸಿ ಕಂಪನಿಗಳ 500 ಜಿಬಿ ಆಸುಪಾಸಿನ ಸಾಟಾ ಡ್ರೈವುಗಳ ವಾರಂಟಿಯಲ್ಲಿ ನಮೂದಾಗಿರುವ ಬರವಣಿಗೆಯ ಮಿತಿ, ಮಾದರಿಗೆ ತಕ್ಕಂತೆ, ಸಾಮಾನ್ಯವಾಗಿ 120ರಿಂದ 300 ಟಿಬಿಯವರೆಗೆ ಇರುತ್ತದೆ. ನೀವು ದಿನಕ್ಕೆ 20 ಜಿಬಿ ಬರೆದರೂ, ಮನೆ ಬಳಕೆಗೆ ಅದೇ ಹೆಚ್ಚು, ವರ್ಷಕ್ಕೆ ಆಗುವುದು 7.3 ಟಿಬಿ. ಕಡಿಮೆ ಮಿತಿಯ ಡ್ರೈವ್ ಕೂಡ ಈ ಲೆಕ್ಕದಲ್ಲಿ ಹದಿನಾರು ವರ್ಷ ಬರುತ್ತದೆ. ಒಟ್ಟು ಜಾಗದಲ್ಲಿ ಐದನೇ ಒಂದು ಭಾಗ ಖಾಲಿ ಇರಲಿ, ಆಗ ಡ್ರೈವ್ ಬರವಣಿಗೆಯನ್ನು ಎಲ್ಲ ಕೋಶಗಳಿಗೂ ಸಮನಾಗಿ ಹಂಚಲು ಅನುಕೂಲ. ಡಿಸ್ಕಿನಲ್ಲಿ ಚದುರಿದ ಫೈಲುಗಳ ತುಣುಕುಗಳನ್ನು ಒಗ್ಗೂಡಿಸುವ ಬೇರೆ ಡಿಫ್ರಾಗ್ ತಂತ್ರಾಂಶ ಹಾಕಬೇಡಿ. ವಿಂಡೋಸ್ ಆಗಲಿ ಮಿಂಟ್ ಆಗಲಿ, ಅಳಿಸಿದ ಫೈಲುಗಳ ಜಾಗವನ್ನು ಡ್ರೈವಿಗೆ ತಿಳಿಸುವ ‘ಟ್ರಿಮ್’ ಕೆಲಸವನ್ನು ತಾವೇ ಮಾಡಿಕೊಳ್ಳುತ್ತವೆ.

ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದನ್ನು ನೆನೆದರೆ ನನಗೆ ಸವೆತಕ್ಕಿಂತ ಅದರ ಚಿಂತೆಯೇ ಹೆಚ್ಚು. ಬರೆಯುತ್ತಿರುವಾಗಲೇ ವಿದ್ಯುತ್ ಕಡಿತವಾದರೆ ಫೈಲುಗಳು ಕೆಡಬಹುದು, ಆದ್ದರಿಂದ ಸಣ್ಣ ಯುಪಿಎಸ್ ಒಂದು ಇರಲಿ. ಹಾರ್ಡ್ ಡಿಸ್ಕಿನ ಹಾಗೆ ಸದ್ದು ಮಾಡಿ ಎಚ್ಚರಿಸದೆ ಎಸ್‌ಎಸ್‌ಡಿ ಒಮ್ಮೆಲೇ ನಿಂತುಬಿಡುವುದೂ ಉಂಟು. ಬ್ಯಾಕಪ್ ಇಲ್ಲದ ಮನೆಯ ಫೋಟೋಗಳು ಆಮೇಲೆ ಸಿಗುವುದು ಕಷ್ಟ. ಹಳೆಯ ಹಾರ್ಡ್ ಡಿಸ್ಕನ್ನು ಈ ಬ್ಯಾಕಪ್ಪಿಗೆ ಬಳಸಬಹುದು, ಆದರೆ ಅದಕ್ಕೂ ಇಷ್ಟು ವಯಸ್ಸಾಗಿರುವುದರಿಂದ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಒಮ್ಮೆ ಪರೀಕ್ಷಿಸಿ. ಹಳದಿ ಬಣ್ಣದಲ್ಲಿ ‘ಕಾಷನ್’ ಎಂದು ತೋರಿಸಿದರೆ ಅದನ್ನು ನಂಬದೆ ಹೊಸ ಎಕ್ಸ್‌ಟರ್ನಲ್ ಡಿಸ್ಕ್ ಕೊಳ್ಳಿ.